ಅಜ್ಜಿ ಮೈಕ್ ಒತ್ತಿ ಮಾತಾಡುತ್ತಾರೆ, ಮೊಮ್ಮಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ. ಏನು ಮಾಡಲಿ?

ಮಲೆನಾಡ ಮಗಳು:
ಅಮ್ಮನಿಗೆ 76 ವರ್ಷ. ತೀರ್ಥಹಳ್ಳಿ ಹತ್ತಿರ ಊರಲ್ಲಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಲು ಬರುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದೂ ಥೇಟ್ ಇನ್‌ಲ್ಯಾಂಡ್ ಲೆಟರ್ ಬರೆದ ಹಾಗೆ. "ಇತ್ತ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮ ಸಮಾಚಾರ ತಿಳಿಸುವುದು" ಅಂತ ಶುರು. ಆಮೇಲೆ ಅಡಿಕೆಗೆ ಔಷಧಿ ಹೊಡೆಸಿದ್ದು, ಹಸು ಕರು ಹಾಕಿದ್ದು, ಪಕ್ಕದ ಮನೆ ಮದುವೆ. ಕೊನೆಗೆ "ಇಂತಿ ನಿನ್ನ ಅಜ್ಜಿ". ನಾಲ್ಕೈದು ನಿಮಿಷ.

ಬೆಂಗಳೂರಲ್ಲಿರುವ ನನ್ನ ಮಗಳು ಅದನ್ನು ಡಬಲ್ ಸ್ಪೀಡ್‌ನಲ್ಲಿ ಕೇಳಿ, ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ ಅಜ್ಜಿ" ಅಂತ ಹಾಕುತ್ತಾಳೆ. ಆಫೀಸಿನಲ್ಲಿ ಎಲ್ಲರ ಮಧ್ಯೆ ಕೂತು ಫೋನಿಗೆ ಮಾತಾಡಲು ಅವಳಿಗೆ ಮುಜುಗರ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು. ತಕ್ಷಣ ನನಗೆ ಫೋನ್: "ಏನು ಬರೆದಿದಾಳೆ, ಓದಿ ಹೇಳೇ." ನಾನು ಓದಿದರೆ ಅದು ನನ್ನ ಮಾತಾಗಿಬಿಡುತ್ತದೆ. ಅವರಿಬ್ಬರೇ ಮಾತಾಡಿಕೊಳ್ಳಬೇಕು ಅನ್ನುವುದು ನನ್ನ ಆಸೆ. ದಾರಿ ಇದೆಯಾ?

ಧಾರವಾಡದಾಂವ:
ಐತ್ರಿ ಅಕ್ಕಾರ. ಮಗಳ ಫೋನಿನ ಜಿಬೋರ್ಡ್ ಅಂದ್ರ ಗೂಗಲ್ ಕೀಬೋರ್ಡ್ ಆ್ಯಪ್‌ನ್ಯಾಗ ಕನ್ನಡ ಸೇರಿಸೂಮುಂದ ಎಬಿಸಿ ಅಂತ ಇರೋ ಕೀಬೋರ್ಡ್ ಆರಿಸ್ರಿ. ಆಕಿ ಈಗ ಒತ್ತೋ ಅಕ್ಷರಾನ ಒತ್ತಿದ್ರ ಸಾಕು, ಕನ್ನಡದಾಗ ಮೂಡತೈತಿ. ಮಾತಾಡಿದ್ದನ್ನ ಬರೆಯೋ ಸವಲತ್ತನ್ನೂ 2017ರಾಗ ಗೂಗಲ್ ಕನ್ನಡಕ್ಕ ಕೊಟ್ಟೈತಿ. ಆದ್ರ ನಮ್ಮಪ್ಪ ಧಾರವಾಡದ ಮಾತಾಡಿದ್ರ ಅದು ಬ್ಯಾರೇನ ಬರೀತೈತಿ. ಅಮ್ಮಾರು ವಾಯ್ಸ್‌ನ ಕಳಿಸ್ಲಿ.

ಉಡುಪಿ ಅಂಚೆಯಣ್ಣ:
ನಾನು ನಿವೃತ್ತ ಪೋಸ್ಟ್‌ಮ್ಯಾನ್. ಬೊಂಬಾಯಿ ಹೋಟೆಲಿನಲ್ಲಿದ್ದ ಮಕ್ಕಳ ಕಾಗದವನ್ನು ಜಗಲಿಯಲ್ಲಿ ಕೂತು ತಾಯಂದಿರಿಗೆ ಓದಿ ಹೇಳುತ್ತಿದ್ದೆ. "ಇನ್ನೊಮ್ಮೆ ಓದಿ" ಅನ್ನುತ್ತಿದ್ದರು. ನಾನು ಓದುತ್ತೇನೆಂದು ಮಗ ಬರೆಯಲಾಗದೆ ಬಿಟ್ಟದ್ದು ಎಷ್ಟಿತ್ತೋ! ತಂತಿ ಬಂದರಂತೂ ಒಡೆಯುವ ಮೊದಲೇ ಅಳು. ಪದ ಎಣಿಸಿ ದುಡ್ಡು ಕಟ್ಟಬೇಕಿದ್ದ ಕಾಲ, ಸಾವಿನ ಸುದ್ದಿಯೂ ಎರಡೇ ಪದ. ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ. ವಾಟ್ಸ್ಆ್ಯಪ್‌ಗೆ ವಾಯ್ಸ್ ಮೆಸೇಜ್ ಬಂದದ್ದೂ ಅದೇ ವರ್ಷ. ನಿಮ್ಮ ತಾಯಿ ಮನಸ್ಸು ಬಿಚ್ಚಿ ಮಾತಾಡಲಿ ತಂಗಿ, ಚುಟುಕು ಮಾಡಿ ಅಂತ ಮಾತ್ರ ಹೇಳಬೇಡಿ. ಆ ದನಿಯನ್ನು ಜೋಪಾನ ಮಾಡಿ.

ಮೆಟ್ರೋ ಪಯಣಿಗ:
ಆಂಟಿ, ಡಬಲ್ ಸ್ಪೀಡ್ ಅಂದ್ರೆ ತಾತ್ಸಾರ ಅಲ್ಲ. ಮೆಟ್ರೋದಲ್ಲಿ ನಿಂತು ಮೊದಲು ಎಲ್ಲ ಕ್ಷೇಮಾನಾ ಅಂತ ನೋಡ್ಕೊಳ್ತೀನಿ, ರಾತ್ರಿ ನಿಧಾನಕ್ಕೆ ಮತ್ತೆ ಕೇಳ್ತೀನಿ. ಉಳಿಸೋಕೆ: ಆ್ಯಂಡ್ರಾಯ್ಡ್ ಫೋನಲ್ಲಿ ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್ ಅನ್ನೋ ಫೋಲ್ಡರ್ ಇರುತ್ತೆ. ಫೋನ್ ಬದಲಿಸೋ ಮೊದಲು ಕಾಪಿ ಮಾಡ್ಕೊಳ್ಳಿ.

ಮಲೆನಾಡ ಮಗಳು:
ಕೀಬೋರ್ಡ್ ಹಾಕಿಸಿದೆ. ಮಗಳು ಬರೆದದ್ದನ್ನು ಅಮ್ಮ ತಾವೇ ಓದಿ, ಉತ್ತರವನ್ನೂ ಕಳಿಸಿದ್ದಾರೆ. ಏನಂತ ನನಗೆ ಇಬ್ಬರೂ ಹೇಳಿಲ್ಲ, ತುಂಬಾ ಖುಷಿಯಾಯಿತು. ಅಕ್ಷರ ಸಣ್ಣದಾಗಿತ್ತು, ಚಾಟ್ ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿಕೊಟ್ಟೆ. ಫೋಲ್ಡರ್‌ನಲ್ಲಿ ಎಲ್ಲ ಓಪಸ್ ಅನ್ನುವ ಫೈಲ್‌ಗಳಿವೆ, ಕಂಪ್ಯೂಟರ್‌ನಲ್ಲಿ ಯಾವುದರಲ್ಲಿ ಕೇಳುವುದು?

ಧಾರವಾಡದಾಂವ:
ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕ್ಕೊಳ್ರಿ, ಅದರಾಗ ಕೇಳತೈತಿ.