ಊರಿನ ಕೆರೆ, ಜೌಗು ನೆಲಗಳ ನಿರ್ವಹಣೆ: ಕೊಡಗಿನವರ ಅನುಭವ ಹಂಚಿಕೆ

ಪ್ರಶ್ನೆ

ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ಪಂಚಾಯಿತಿಯ ಹಳೆಯ ಕೆರೆಯೊಂದಿದೆ. ಅದರ ಹಿನ್ನೀರಿಗೆ ತಾಗಿ ಒಂದಷ್ಟು ಪೈಸಾರಿ (ಸರ್ಕಾರಿ) ಜೌಗು ನೆಲವೂ ಇದೆ. ಕೆರೆಯಲ್ಲಿ ಹೂಳು ತುಂಬಿದೆ, ಪಂಚಾಯಿತಿಯಲ್ಲಿ ಹಣವಿಲ್ಲ. ಊರಿನವರೂ ಒಂದು ಕಂಪನಿಯೂ ನೆರವಿಗೆ ಸಿದ್ಧವಾಗಿದ್ದಾರೆ. ಸಮಿತಿ ಕಟ್ಟಿ, ಹಣ ಕೂಡಿಸಿ, ನಡೆಸಿಕೊಂಡು ಬಂದವರು ದಯವಿಟ್ಟು ತಿಳಿಸಿ.

ಸೋಮವಾರಪೇಟೆ ಕಡೆಯ ಬೆಳೆಗಾರ, ಕೆರೆ ಸಮಿತಿಯ ಖಜಾಂಚಿ

ನಮಸ್ಕಾರ. ಹೂಳೆತ್ತಲು ಹಣ ಹೊಂದಿಸುವುದು ಅಷ್ಟು ಕಷ್ಟವಲ್ಲ. ಜೆಸಿಬಿ ಇಳಿಯುವ ದಿನ ದಾನಿಗಳೂ ಬರುತ್ತಾರೆ, ಫೋಟೋದವರೂ ಬರುತ್ತಾರೆ. ಎರಡು ಮೂರು ಮಳೆಗಾಲ ಕಳೆದು ತೂಬು ಕಟ್ಟಿಕೊಂಡಾಗ, ಕೋಡಿಯ ಕಲ್ಲು ಜರಿದಾಗ ಖರ್ಚು ಯಾರದು ಎಂಬಲ್ಲಿಯೇ ಸಮಿತಿಗಳು ಸೋಲುತ್ತವೆ. ಆದುದರಿಂದ ನಾವು ದಾನದ ಹಣಕ್ಕೂ ವಾರ್ಷಿಕ ನಿರ್ವಹಣೆಯ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇಟ್ಟಿದ್ದೇವೆ. ಎರಡನೆಯ ಖಾತೆಗೆ ಕೆರೆಯ ನೀರು ಬಳಸುವವರ ವಂತಿಗೆ ಮಾತ್ರ ಜಮೆಯಾಗುತ್ತದೆ.

ನಮ್ಮ ಕಡೆ ಕೆರೆಯ ಜಗಳ ನಾಟಿಯ ಕಾಲದಲ್ಲಿ ಹುಟ್ಟುವುದು ಅಪರೂಪ. ಕಾಫಿ ಹೂ ಅರಳಿಸುವ ಹೂ ಮಳೆ ತಡವಾದ ವರ್ಷ, ಫೆಬ್ರವರಿ–ಮಾರ್ಚ್‌ನಲ್ಲಿ ಹುಟ್ಟುತ್ತದೆ. ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಎಲ್ಲರ ಪಂಪುಗಳೂ ಒಟ್ಟಿಗೇ ಕೆರೆಗೆ ಇಳಿಯುತ್ತವೆ. ತೂಬಿನ ಕಲ್ಲುಕಂಬದ ಮೇಲೆ ಬಿಳಿ ಬಣ್ಣದ ಗೆರೆ ಎಳೆಸಿ, ನೀರು ಅಲ್ಲಿಗೆ ಇಳಿದೊಡನೆ ಎಲ್ಲರೂ ಪಂಪು ಎತ್ತಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು. ಪಂಪು ಓಡಿದ ಗಂಟೆಗೆ ಇಂತಿಷ್ಟು ಎಂದು ವಂತಿಗೆಯನ್ನೂ ಅದರಲ್ಲೇ ಬರೆಸಿದೆವು. ಗೆರೆ ಎಳೆಯುವಾಗ ಊರ ತಕ್ಕರೂ (ಊರಿನ ಮುಖ್ಯಸ್ಥರು) ಕೆಳಗಿನ ಗದ್ದೆಯವರೂ ಎದುರಿಗೆ ನಿಂತಿದ್ದರು. ಸಮಿತಿಯ ನೋಟಿಸಿಗಿಂತ ಅದಕ್ಕೆ ಬೆಲೆ ಹೆಚ್ಚು. ದಾನ ಹೆಚ್ಚು ಕೊಟ್ಟ ತೋಟದವರು ಗೆರೆಯ ಕೆಳಗೂ ನೀರು ಕೇಳಿದ್ದುಂಟು. ದಾನದಿಂದ ನೀರಿನ ಹಕ್ಕು ಬರುವುದಿಲ್ಲ ಎಂಬ ಸಾಲು ಠರಾವಿನಲ್ಲಿ ಇದ್ದುದರಿಂದ ಮಾತು ಅಲ್ಲಿಗೇ ನಿಂತಿತು. ನೀವೂ ಆ ಸಾಲನ್ನು ಹಣ ಪಡೆಯುವ ಮೊದಲೇ ಬರೆಸಿ.

ಕೆಲಸದ ಹೊತ್ತಿನ ಬಗ್ಗೆ ಒಂದು ಮಾತು. ನಾವು ಏರಿ ದುರಸ್ತಿಗೆ ಉದ್ಯೋಗ ಖಾತರಿಯ ಹಣ ಬಳಸಿದಾಗ ಕೂಲಿ 60, ಸಾಮಗ್ರಿ 40 ಎಂಬ ಅನುಪಾತವಿತ್ತು. ಕಾಫಿ ಕೊಯ್ಲು ಮುಗಿಯುವವರೆಗೆ ತೋಟದ ಕೂಲಿ ಬಿಟ್ಟು ಆ ಕೆಲಸಕ್ಕೆ ಯಾರೂ ಬರುವುದಿಲ್ಲ, ಜೂನ್‌ನಲ್ಲಿ ಮಳೆ ಹಿಡಿದರೆ ಮಣ್ಣಿನ ಕೆಲಸ ಆಗುವುದಿಲ್ಲ. ಯಾವ ಯೋಜನೆಯ ಹಣವಾದರೂ ಕ್ರಿಯಾಯೋಜನೆಗೆ ಹಿಂದಿನ ವರ್ಷವೇ ಅನುಮೋದನೆ ಪಡೆಯದಿದ್ದರೆ ಆ ಬೇಸಿಗೆ ಕೈತಪ್ಪಿತೆಂದೇ ತಿಳಿಯಿರಿ.

ನಿವೃತ್ತ ಪಿಡಿಒ, ಮಡಿಕೇರಿ

ಖಜಾಂಚಿಯವರ ಮಾತು ಸರಿ, ಆದರೆ ಅದಕ್ಕೂ ಮೊದಲು ಸರ್ವೇ ಆಗಬೇಕು. ಗದ್ದೆಗೆ ಸೇರಿದ ಹಿಡುವಳಿಯಾದ ಬಾಣೆ ಎಲ್ಲಿ ಮುಗಿದು ಪೈಸಾರಿ ಎಲ್ಲಿ ಆರಂಭವಾಗುತ್ತದೆಂಬುದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಡೆ ಬಾಯಿಮಾತಿನ ವಿಷಯ. ಗಡಿಕಲ್ಲು ಇಲ್ಲದ ಕೆರೆಗೆ ದಾನಿಗಳ ಹಣ ಹಾಕಿಸಿದರೆ ಒತ್ತುವರಿದಾರನ ಬೇಲಿಗೆ ನೀವೇ ಕಾವಲು ಕೊಟ್ಟಂತಾಗುತ್ತದೆ. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ರಾಜ್ಯಗಳು ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನಿರ್ದೇಶಿಸಿದೆ. ಅದೂ ಕೆರೆಯ ಜಾಗದ ವ್ಯಾಜ್ಯವೇ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

2017ರ ಜೌಗು ಪ್ರದೇಶ ನಿಯಮಗಳನ್ನು ನೆಚ್ಚಿಕೊಳ್ಳುವವರು ಒಂದು ವಿಷಯ ಗಮನಿಸಬೇಕು. ನೀರಾವರಿಗೋ ಕುಡಿಯುವ ನೀರಿಗೋ ಕಟ್ಟಿದ ಕೆರೆ, ಭತ್ತದ ಗದ್ದೆ, ನದಿಯ ಪಾತ್ರ ಇವು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಕೆರೆಗೆ ರಾಜ್ಯದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆಯ ದಾರಿ ಹಿಡಿಯಬೇಕು. ಹಿನ್ನೀರಿನ ಜೌಗು ನೆಲ ಸಹಜವಾದುದಾದರೆ ಅದರ ವಿಚಾರ ಬೇರೆ, ಅದಕ್ಕೆ ಪ್ರತ್ಯೇಕ ಅರ್ಜಿಯೇ ಲೇಸು.

ಕಂಪನಿಯ ಹಣವೆಂದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ) ಇರಬೇಕು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಅರ್ಹ ಕಂಪನಿಗಳು ಹೀಗೆ ವ್ಯಯಿಸಬೇಕು. ಆದರೆ ನಿನ್ನೆ ಮೊನ್ನೆ ಕಟ್ಟಿದ ಸಮಿತಿಯ ಕೈಗೆ ಆ ಹಣ ನೇರವಾಗಿ ಬರುವುದಿಲ್ಲ. 2021ರ ಏಪ್ರಿಲ್‌ನಿಂದ ಈ ಹಣದ ಕೆಲಸ ಮಾಡಿಸುವ ಅನುಷ್ಠಾನ ಸಂಸ್ಥೆಗಳು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಕಂಪನಿಯೇ ಸ್ಥಾಪಿಸಿದ್ದಲ್ಲದ ಟ್ರಸ್ಟ್ ಅಥವಾ ಸೊಸೈಟಿಗೆ ಕನಿಷ್ಠ ಮೂರು ವರ್ಷಗಳ ಕೆಲಸದ ದಾಖಲೆಯೂ ಇರಬೇಕು. ಅಂಥ ಸಂಸ್ಥೆಯ ಮೂಲಕ ಪಡೆಯುವುದಾದರೆ ಪಂಚಾಯಿತಿ, ಸಂಸ್ಥೆ, ಕೆರೆ ಸಮಿತಿ ಮೂವರ ನಡುವೆ ಲಿಖಿತ ಒಪ್ಪಂದವಿರಲಿ. ಜೀವವೈವಿಧ್ಯ ಕಾಯ್ದೆ, 2002ರಡಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಬಹಳ ಕಡೆ ಅದು ಕಡತದಲ್ಲಷ್ಟೇ ಇರುತ್ತದೆ, ಅದನ್ನು ಎಬ್ಬಿಸಿ. ಸ್ಥಳೀಯ ಜೀವವೈವಿಧ್ಯ ನಿಧಿ ಸ್ಥಾಪಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ.

ವಿರಾಜಪೇಟೆಯ ಶಿಕ್ಷಕಿ, ಪಕ್ಷಿವೀಕ್ಷಕಿ

ಹಿರಿಯರಿಬ್ಬರೂ ಹಣ, ಹಕ್ಕುಗಳ ಬಗ್ಗೆ ಬರೆದಿದ್ದಾರೆ. ಕೆಲಸದ ಅಂದಾಜುಪಟ್ಟಿಯನ್ನೂ ಸಮಿತಿ ಓದಬೇಕು. ಗುತ್ತಿಗೆದಾರರು ದಡವನ್ನು ಸುತ್ತಲೂ ನೇರವಾಗಿ ಕಡಿದು, ಕಲ್ಲು ಹೊದಿಸಿ, ನಡಿಗೆ ಪಥ ಹಾಕುತ್ತಾರೆ. ನೋಡಲು ಚೊಕ್ಕಟ, ಆದರೆ ಜೊಂಡು ಬೇರೂರಲು, ಕೊಕ್ಕರೆ ಕಾಲೂರಿ ಮೀನು ಹಿಡಿಯಲು ಬೇಕಾದ ಮೊಣಕಾಲುದ್ದ ನೀರಿನ ಅಂಚು ಅಲ್ಲಿಗೆ ಹೋಯಿತು. ಏರಿಯ ಪಕ್ಕ ಆಳ ಮಾಡಿಸಿ, ತೋಡು (ಹಳ್ಳ) ಬಂದು ಸೇರುವ ಬದಿಯನ್ನು ಇಳಿಜಾರಾಗಿಯೇ ಬಿಡಿಸಿ. ಹೊಸ ಮಳೆಗೆ ಮೀನು ಆ ದಾರಿಯಲ್ಲೇ ಮೇಲಿನ ಗದ್ದೆಗೆ ಹತ್ತುತ್ತದೆ.

ಇನ್ನೊಂದು, ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಹೊರಬರುವ ನೀರು. ಅರೇಬಿಕಾ ಕೊಯ್ಲಿನ ತಿಂಗಳುಗಳಲ್ಲಿ ತೋಡಿನ ನೀರು ಕಪ್ಪಾಗಿ ಹುಳಿ ನಾತ ಹೊಡೆಯುತ್ತಿದ್ದರೆ, ಎಷ್ಟು ಹೂಳೆತ್ತಿದರೂ ಮೀನು ಉಳಿಯುವುದಿಲ್ಲ. ಮೇಲಿನ ತೋಟದವರನ್ನು ಸಮಿತಿಯ ಸದಸ್ಯರನ್ನಾಗಿ ಮಾಡಿಕೊಂಡು, ಪಲ್ಪಿಂಗ್ ಹೊಂಡದ ನೀರನ್ನು ತೋಡಿಗೆ ಬಿಡುವುದಿಲ್ಲವೆಂದು ಅವರಿಂದ ಬರೆಸಿಕೊಳ್ಳಿ.