ಲಾಗಿನ್ ಆದ್ರೆ ಖಾಲಿ ಡೆಸ್ಕ್‌ಟಾಪ್, ಟೆಂಪರರಿ ಪ್ರೊಫೈಲ್ ಅಂತ ಬರ್ತಿದೆ. ಫೈಲ್ ಉಳಿಸಿಕೊಳ್ಳೋದು ಹೇಗೆ?

ತಿಪಟೂರು ತೆಂಗು:

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್, ವಿಂಡೋಸ್ 10 ಹೋಮ್, 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಇಲ್ಲ, ಯುಪಿಎಸ್ ಬ್ಯಾಟರಿ ಸತ್ತಿದೆ. ಶಟ್‌ಡೌನ್ ಕೊಟ್ಟು ಇನ್ನೂ ಸುತ್ತುತ್ತಾ ಇರುವಾಗಲೇ ಕರೆಂಟ್ ಹೋಯ್ತು. ಆಮೇಲೆ ಆನ್ ಮಾಡಿದ್ರೆ ಪಾಸ್‌ವರ್ಡ್ ತಗೊಳ್ಳುತ್ತೆ, ಆದ್ರೆ ‘ವಿ ಕಾಂಟ್ ಸೈನ್ ಇನ್ ಟು ಯುವರ್ ಅಕೌಂಟ್’ ಅಂತ ಒಂದು ಪೆಟ್ಟಿಗೆ ಬರುತ್ತೆ. ಡಿಸ್‌ಮಿಸ್ ಒತ್ತಿದ್ರೆ ಈಗಷ್ಟೇ ವಿಂಡೋಸ್ ಹಾಕಿದ ಹಾಗೆ ಖಾಲಿ ಡೆಸ್ಕ್‌ಟಾಪ್.

ಕೊಬ್ಬರಿ ಲೆಕ್ಕದ ಎಕ್ಸೆಲ್ ಶೀಟ್, ನುಡಿಯಲ್ಲಿ ಟೈಪ್ ಮಾಡಿದ ಸಂಘದ ಪತ್ರಗಳು, ಮನೆಯ ಫೋಟೋಗಳು, ಎಲ್ಲಾ ಡೆಸ್ಕ್‌ಟಾಪ್ ಮೇಲೆ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇದ್ವು. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಫಾರ್ಮ್ಯಾಟ್ ಇಲ್ಲದೆ ಸರಿ ಮಾಡೋಕೆ ಆಗುತ್ತಾ? ಆಗದಿದ್ರೆ ಫೈಲ್‌ಗಳನ್ನಾದ್ರೂ ಹೊರಗೆ ತೆಗೆಯೋದು ಹೇಗೆ?

ಶಿರಾ ಗೇಟ್:

ಫಾರ್ಮ್ಯಾಟ್ ಖಂಡಿತ ಬೇಡ ಸಾರ್. ಪಾಸ್‌ವರ್ಡ್ ಒಪ್ಕೊಂಡಿದೆ ಅಂದ್ರೆ ಅಕೌಂಟ್ ಸರಿಯಾಗೇ ಇದೆ, ಕೆಟ್ಟಿರೋದು ಪ್ರೊಫೈಲ್, ಅಂದ್ರೆ ನಿಮ್ಮ ಫೋಲ್ಡರ್ ಮತ್ತು ಸೆಟ್ಟಿಂಗ್‌ಗಳ ಗಂಟು. ನಿಮ್ಮ ಫೈಲ್‌ಗಳು ಸಿ ಡ್ರೈವ್, ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲೇ ಇರುತ್ತವೆ, ಮೊದಲು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ. ಈಗ ಕಾಣ್ತಿರೋ ಖಾಲಿ ಡೆಸ್ಕ್‌ಟಾಪ್ ಅದೇ ಯೂಸರ್ಸ್‌ನಲ್ಲಿರೋ ಟೆಂಪ್ ಫೋಲ್ಡರ್‌ದು. ಸೈನ್ ಔಟ್ ಮಾಡಿದ ತಕ್ಷಣ ಅದು ಅಳಿಸಿಹೋಗುತ್ತೆ, ಹಾಗಾಗಿ ಅದರ ಮೇಲೆ ಒಂದೇ ಒಂದು ಫೈಲ್ ಕೂಡ ಸೇವ್ ಮಾಡಬೇಡಿ.

ಮೊದಲು ಸ್ಟಾರ್ಟ್ ಮೆನುವಿನಿಂದ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಮಾಡಿ ಆನ್ ಮಾಡೋದು ಬೇರೆ: ಫಾಸ್ಟ್ ಸ್ಟಾರ್ಟಪ್ ಇದ್ರೆ ವಿಂಡೋಸ್ ಪೂರ್ತಿ ಹೊಸದಾಗಿ ಏಳೋದೇ ಇಲ್ಲ. ಆಂಟಿವೈರಸ್ ಅಥವಾ ಬೇರೆ ಯಾವುದೋ ಸರ್ವಿಸ್ ಪ್ರೊಫೈಲ್ ಫೈಲನ್ನ ಹಿಡ್ಕೊಂಡಿದ್ರೆ ಎರಡು ರೀಸ್ಟಾರ್ಟ್‌ನಲ್ಲೇ ಬಿಟ್ಟುಹೋಗುತ್ತೆ.

ಬಿಡಲಿಲ್ಲ ಅಂದ್ರೆ ಊಹೆ ಮಾಡ್ಕೊಂಡು ಕೂರಬೇಡಿ, ಈವೆಂಟ್ ವ್ಯೂವರ್ (ವಿಂಡೋಸ್ ನಡೆದದ್ದನ್ನ ಬರೆದಿಡೋ ದಿನಚರಿ) ತೆಗೀರಿ. ವಿಂಡೋಸ್ ಲಾಗ್ಸ್, ಅಪ್ಲಿಕೇಶನ್, ಮೂಲ ‘ಯೂಸರ್ ಪ್ರೊಫೈಲ್ಸ್ ಸರ್ವಿಸ್’. ಈವೆಂಟ್ ಸಂಖ್ಯೆ 1511 ಅಂದ್ರೆ ಪ್ರೊಫೈಲ್ ಸಿಗಲಿಲ್ಲ, ಟೆಂಪರರಿ ಕೊಟ್ಟಿದೀನಿ ಅಂತ. 1515 ಅಂದ್ರೆ ಹಳೇದನ್ನ ಬ್ಯಾಕಪ್ ಅಂತ ಪಕ್ಕಕ್ಕಿಟ್ಟಿದೀನಿ ಅಂತ. ಇವೆರಡೂ ಬರೀ ಪರಿಣಾಮ, ಕಾರಣ ಇರೋದು 1508ರಲ್ಲಿ. ಅದರ ಡೀಟೇಲ್ ಸಾಲು ಓದಿ. ‘ಬೇರೆ ಪ್ರೋಸೆಸ್ ಬಳಸ್ತಿದೆ’ ಅನ್ನೋ ಅರ್ಥದಲ್ಲಿದ್ರೆ ಫೈಲ್ ಲಾಕ್ ಆಗಿದೆ ಅಷ್ಟೆ, ‘ರಿಜಿಸ್ಟ್ರಿ ಡೇಟಾಬೇಸ್ ಈಸ್ ಕರಪ್ಟ್’ ಅಂತಿದ್ರೆ ಫೈಲೇ ಕೆಟ್ಟಿದೆ.

ಆಮೇಲೆ ರೆಜ್‌ಎಡಿಟ್, ಅಂದ್ರೆ ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯನ್ನ ತಿದ್ದೋ ಪ್ರೋಗ್ರಾಂ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್. ಕೈ ಹಾಕೋ ಮೊದಲು ಪ್ರೊಫೈಲ್ ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಪೆನ್ ಡ್ರೈವ್‌ಗೆ ಹಾಕ್ಕೊಳ್ಳಿ. ಎಸ್-1-5-18, 19, 20 ವಿಂಡೋಸ್‌ದು, ಅವನ್ನ ಮುಟ್ಟಬೇಡಿ. ನಿಮ್ಮದು ಎಸ್-1-5-21ರಿಂದ ಶುರುವಾಗೋ ಉದ್ದನೆಯ ಸಂಖ್ಯೆ. ಯಾವುದು ನಿಮ್ಮದು ಅನ್ನೋ ಅನುಮಾನ ಬಂದ್ರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಹೂಆಮ್‌ಐ’ ಬರೆದು ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಯೂಸರ್ ಕೊಡಿ, ಪೂರ್ತಿ ಸಂಖ್ಯೆ ತೋರಿಸುತ್ತೆ.

ಒಂದೇ ಸಂಖ್ಯೆ ಎರಡು ಸಲ ಕಂಡು, ಒಂದಕ್ಕೆ ಕೊನೇಲಿ ‘ಡಾಟ್ ಬಿಎಕೆ’ ಇದ್ರೆ, ಬಿಎಕೆ ಇರೋದೇ ನಿಮ್ಮ ಅಸಲಿ. ಬಿಎಕೆ ಇಲ್ಲದ್ದಕ್ಕೆ ಕೊನೇಲಿ ‘ಡಾಟ್ ಓಲ್ಡ್’ ಸೇರಿಸಿ ರಿನೇಮ್ ಮಾಡಿ, ಆಮೇಲೆ ಅಸಲಿಯಿಂದ ಬಿಎಕೆ ತೆಗೀರಿ. ಅದರೊಳಗೆ ‘ಪ್ರೊಫೈಲ್ ಇಮೇಜ್ ಪಾತ್’ ನಿಮ್ಮ ಫೋಲ್ಡರ್‌ನ ಹೆಸರನ್ನೇ ತೋರಿಸ್ತಿರಬೇಕು, ಟೆಂಪ್ ಅಂತ ಇರಬಾರದು. ‘ಸ್ಟೇಟ್’ 0 ಮಾಡಿ, ‘ರೆಫ್‌ಕೌಂಟ್’ ಇದ್ರೆ ಅದನ್ನೂ 0. ರೀಸ್ಟಾರ್ಟ್.

ಪಹಣಿಯಲ್ಲಿ ಹೆಸರು ತಪ್ಪಾಗಿದ್ರೆ ಜಮೀನು ಎಲ್ಲೂ ಹೋಗಿರಲ್ಲ, ತಿದ್ದಿಸಿದ್ರೆ ಆಯ್ತು. ಇಲ್ಲೂ ಹಾಗೇ. ಆದ್ರೆ ಈ ರಿಪೇರಿ ಕೆಲಸ ಮಾಡೋದು ದಾಖಲೆ ಮಾತ್ರ ತಪ್ಪಾಗಿದ್ದಾಗ.

ಕೋಲಾರ ಕೀಬೋರ್ಡ್:

ಶಿರಾ ಗೇಟ್ ಅವರು ಹೇಳಿದ ಕೊನೆಯ ಸಾಲೇ ಮುಖ್ಯ. ಬಿಎಕೆ ತೆಗೆಯುವ ವಿಧಾನವನ್ನೇ ಎಲ್ಲರೂ ಹೇಳುತ್ತಾರೆ, ಅದು ಫಲಿಸುತ್ತದೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬಹುದು ಎನ್ನುವುದನ್ನು ಯಾರೂ ಹೇಳುವುದಿಲ್ಲ.

ಅದಕ್ಕೂ ಮುಂಚೆ ಡಿಸ್ಕ್ ನೋಡಿ. ಹಳೆಯ ಹಾರ್ಡ್ ಡಿಸ್ಕ್, ಜೊತೆಗೆ ಕರೆಂಟ್ ಹೋಗಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್‌ನ ಆರೋಗ್ಯ ತೋರಿಸುವ ಪ್ರೋಗ್ರಾಂ) ಹಾಕಿ 05 ಮತ್ತು ಸಿ5 ಸಾಲುಗಳ ರಾ ವ್ಯಾಲ್ಯೂ ನೋಡಿ. 05 ಎಂದರೆ ಕೆಟ್ಟ ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಣುಕು) ಬದಲಿಗೆ ಬೇರೆಯದನ್ನು ಕೊಟ್ಟಾಗಿದೆ. ಸಿ5 ಎಂದರೆ ಓದಲಾಗದೆ ನಿಂತಿರುವ ಸೆಕ್ಟರ್. ಸಿ5 ಸೊನ್ನೆ ಅಲ್ಲದಿದ್ದರೆ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸಬೇಡಿ, ಅದರಲ್ಲೂ ಸ್ಲ್ಯಾಶ್ ಆರ್ ಬೇಡವೇ ಬೇಡ. ಸಾಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ಉಜ್ಜುತ್ತದೆ. ಮೊದಲು ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ತೆಗೆದುಕೊಳ್ಳಿ.

ಈಗ ಪರೀಕ್ಷೆ. ವಿಂಡೋಸ್ ಪ್ರತಿ ಬಳಕೆದಾರರ ಸೆಟ್ಟಿಂಗ್‌ಗಳನ್ನು ಅವರ ಫೋಲ್ಡರ್‌ನಲ್ಲಿರುವ ‘ಎನ್‌ಟಿಯೂಸರ್ ಡಾಟ್ ಡ್ಯಾಟ್’ ಎಂಬ ಅಡಗಿಸಿದ ಫೈಲ್‌ನಲ್ಲಿ ಇಡುತ್ತದೆ. ಲಾಗಿನ್ ಆಗುವಾಗ ತೆರೆಯಬೇಕಾದದ್ದು ಅದೇ. ಶಟ್‌ಡೌನ್ ವೇಳೆ ಅದನ್ನು ಬರೆದು ಮುಚ್ಚುತ್ತದೆ, ನಿಮ್ಮ ಕರೆಂಟ್ ಹೋದದ್ದು ಸರಿಯಾಗಿ ಆ ಹೊತ್ತಿಗೆ. ಪಕ್ಕದಲ್ಲೇ ಲಾಗ್1, ಲಾಗ್2 ಎಂಬ ಎರಡು ಫೈಲ್‌ಗಳಿರುತ್ತವೆ. ಅರ್ಧಕ್ಕೆ ನಿಂತ ಬರವಣಿಗೆಯನ್ನು ವಿಂಡೋಸ್ ಪೂರ್ತಿ ಮಾಡಿಕೊಳ್ಳುವುದು ಇವುಗಳಿಂದ. ಮೂರನ್ನೂ ಒಟ್ಟಿಗೆ ಬೇರೊಂದು ಫೋಲ್ಡರ್‌ಗೆ ಕಾಪಿ ಮಾಡಿ. ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸುವ ಆಯ್ಕೆ ಕೊಟ್ಟು, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ ತೆಗೆಯಿರಿ.

ರೆಜ್‌ಎಡಿಟ್‌ನಲ್ಲಿ ಎಚ್‌ಕೀ ಯೂಸರ್ಸ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಫೈಲ್ ಮೆನುವಿನಲ್ಲಿ ಲೋಡ್ ಹೈವ್ (ಹೈವ್ ಎಂದರೆ ರಿಜಿಸ್ಟ್ರಿಯ ಒಂದು ಭಾಗವಿರುವ ಫೈಲ್) ಆರಿಸಿ ಎನ್‌ಟಿಯೂಸರ್ ಡಾಟ್ ಡ್ಯಾಟ್‌ನ ಆ ಕಾಪಿಯನ್ನು ಕೊಡಿ. ಹೆಸರು ಕೇಳಿದರೆ ‘ಟೆಸ್ಟ್’ ಎಂದು ಹಾಕಿ. ಒಳಗೆ ಸಾಫ್ಟ್‌ವೇರ್, ಕಂಟ್ರೋಲ್ ಪ್ಯಾನೆಲ್ ಮುಂತಾದವು ತೆರೆದುಕೊಂಡರೆ ಫೈಲ್ ಗಟ್ಟಿ ಇದೆ, ಬಿಎಕೆ ವಿಧಾನ ಮಾಡಿ. ಎರರ್ ಕೊಟ್ಟರೆ ರಿಜಿಸ್ಟ್ರಿಯಲ್ಲಿ ಎಷ್ಟು ತಿದ್ದಿದರೂ ಮತ್ತೆ ಟೆಂಪರರಿ ಪ್ರೊಫೈಲೇ ಬರುತ್ತದೆ. ನೋಡಿದ ಮೇಲೆ ‘ಟೆಸ್ಟ್’ ಆರಿಸಿ ಅನ್‌ಲೋಡ್ ಹೈವ್ ಕೊಡುವುದನ್ನು ಬಿಡಬೇಡಿ.

ಎಸ್‌ಎಫ್‌ಸಿ ಸ್ಕ್ಯಾನ್‌ನೌ, ಡಿಸ್ಮ್ ರಿಸ್ಟೋರ್‌ಹೆಲ್ತ್ ಓಡಿಸಿ ಎಂದು ಯಾರಾದರೂ ಹೇಳಬಹುದು. ಅವು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಸರಿಪಡಿಸುತ್ತವೆ, ನಿಮ್ಮ ಎನ್‌ಟಿಯೂಸರ್ ಫೈಲಿನ ತಂಟೆಗೆ ಹೋಗುವುದಿಲ್ಲ. ರೆಗ್‌ಬ್ಯಾಕ್ ಎಂಬ ರಿಜಿಸ್ಟ್ರಿ ಬ್ಯಾಕಪ್ ಫೋಲ್ಡರ್‌ನಿಂದ ತರಬಹುದು ಎನ್ನುವ ಸಲಹೆಯೂ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಇರುತ್ತಿದ್ದದ್ದು ಸಿಸ್ಟಮ್ ಹೈವ್‌ಗಳು ಮಾತ್ರ, ವಿಂಡೋಸ್ 10ರ 1803 ಆವೃತ್ತಿಯಿಂದ ಅದೂ ತಾನಾಗಿ ತುಂಬುವುದು ನಿಂತಿದೆ. ಸಿಸ್ಟಮ್ ರಿಸ್ಟೋರ್ ಆನ್ ಇದ್ದು, ಹಳೆಯ ರಿಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಯ ಉಳಿಸಿದ ಪ್ರತಿ) ಇದ್ದರೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ರನ್‌ನಲ್ಲಿ ‘ಆರ್‌ಎಸ್‌ಟಿಆರ್‌ಯುಐ’ ಕೊಟ್ಟು ನೋಡಿ.

ತಿಪಟೂರು ತೆಂಗು:

ತುಂಬಾ ಧನ್ಯವಾದ ಮೇಡಂ, ಶಿರಾ ಗೇಟ್ ಅಣ್ಣಾ. ಫೈಲ್‌ಗಳು ಹಳೇ ಫೋಲ್ಡರ್‌ನಲ್ಲೇ ಇವೆ, ಜೀವ ಬಂತು. ನೋಡಿದ್ದು ಇಷ್ಟು: ಪ್ರೊಫೈಲ್ ಲಿಸ್ಟ್‌ನಲ್ಲಿ ಎರಡೂ ಇವೆ, ಒಂದಕ್ಕೆ ಬಿಎಕೆ. ಈವೆಂಟ್ 1508ರಲ್ಲಿ ‘ಕರಪ್ಟ್’ ಅಂತಾನೇ ಇದೆ. ಲೋಡ್ ಹೈವ್ ಎರರ್ ಕೊಡ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ‘ಕಾಶನ್’, 05 ಸೊನ್ನೆ, ಸಿ5 ಎದುರು ಸಾಲು ಸೊನ್ನೆ ಆಮೇಲೆ 8. ರಿಸ್ಟೋರ್ ಪಾಯಿಂಟ್ ಒಂದೂ ಇಲ್ಲ. ಮುಂದೆ?

ಕೋಲಾರ ಕೀಬೋರ್ಡ್:

ಹಾಗಾದರೆ ಹಳೆಯ ಪ್ರೊಫೈಲನ್ನು ಎಬ್ಬಿಸುವ ಪ್ರಯತ್ನ ಬಿಡಿ. ಕಾಪಿ, ಹೊಸ ಅಕೌಂಟ್, ಆಮೇಲೆ ಹೊಸ ಡಿಸ್ಕ್, ಇದೇ ಕ್ರಮದಲ್ಲಿ.

ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಕಿ. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕಿದರೆ ಕೆಟ್ಟ ಸೆಕ್ಟರ್ ಸಿಕ್ಕ ಕಡೆ ನಿಂತುಬಿಡುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ರೋಬೋಕಾಪಿ (ವಿಂಡೋಸ್‌ನಲ್ಲೇ ಇರುವ ಕಾಪಿ ಕಮಾಂಡ್) ಬಳಸಿ: ಮೊದಲು ಹಳೆಯ ಫೋಲ್ಡರ್‌ನ ಪಾತ್, ನಂತರ ಹೊಸ ಜಾಗದ ಪಾತ್ (ಹೆಸರಿನಲ್ಲಿ ಸ್ಪೇಸ್ ಇದ್ದರೆ ಎರಡನ್ನೂ ಉದ್ಧರಣ ಚಿಹ್ನೆಯೊಳಗೆ), ಕೊನೆಗೆ ನಾಲ್ಕು ಸ್ವಿಚ್: ಸ್ಲ್ಯಾಶ್ ಇ, ಸ್ಲ್ಯಾಶ್ ಎಕ್ಸ್‌ಜೆ, ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1. ಆರ್ ಮತ್ತು ಡಬ್ಲ್ಯೂ ಮರೆತರೆ ಓದಲಾಗದ ಒಂದೊಂದು ಫೈಲನ್ನೂ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ರೋಬೋಕಾಪಿಯ ಮೂಲ ಸೆಟ್ಟಿಂಗೇ ಹಾಗಿದೆ. ಎಕ್ಸ್‌ಜೆ ಇಲ್ಲದಿದ್ದರೆ ‘ಅಪ್ಲಿಕೇಶನ್ ಡೇಟಾ’ ಎಂಬ ಜಂಕ್ಷನ್‌ನೊಳಗೆ (ಬೇರೆ ಫೋಲ್ಡರ್‌ಗೆ ಕರೆದೊಯ್ಯುವ ಕೊಂಡಿ) ಸುತ್ತಿ ಸುತ್ತಿ ಕೊನೆಯೇ ಇಲ್ಲದ ಫೋಲ್ಡರ್‌ಗಳನ್ನು ಹುಟ್ಟಿಸುತ್ತದೆ. ಮುಗಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ‘ಫೇಲ್ಡ್’ ಕಾಲಂ ನೋಡಿ, ಮೇಲಕ್ಕೆ ಹೋಗಿ ಆ ಫೈಲ್‌ಗಳ ಹೆಸರು ಬರೆದುಕೊಳ್ಳಿ.

ಹೊಸ ಅಕೌಂಟ್‌ಗೆ ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್, ‘ಆಡ್ ಸಮ್‌ಒನ್ ಎಲ್ಸ್’. ಮೊದಲು ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಶನ್’, ಆಮೇಲೆ ‘ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ ಕೊಡಿ. ಕನ್ನಡ ಅಕ್ಷರದ ಫೋಲ್ಡರ್ ಹೆಸರನ್ನು ಸಹಿಸದ ಹಳೆಯ ಪ್ರೋಗ್ರಾಂಗಳು ಇನ್ನೂ ಇವೆ, ಬೇಸರದ ಸಂಗತಿಯಾದರೂ ಇಲ್ಲಿ ಹಟ ಬೇಡ. ಆಮೇಲೆ ಚೇಂಜ್ ಅಕೌಂಟ್ ಟೈಪ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಮಾಡಿ. ಒಂದೇ ಮೈಕ್ರೋಸಾಫ್ಟ್ ಅಕೌಂಟನ್ನು ಒಂದೇ ಕಂಪ್ಯೂಟರ್‌ನ ಇಬ್ಬರು ಬಳಕೆದಾರರಿಗೆ ಜೋಡಿಸಲು ಬರುವುದಿಲ್ಲ, ಅದಕ್ಕೇ ಈಗ ಲೋಕಲ್ ಅಕೌಂಟ್ ಹೇಳಿದ್ದು.

ಹೊಸ ಅಕೌಂಟ್‌ಗೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಡೌನ್‌ಲೋಡ್ಸ್ ಮಾತ್ರ ಹಾಕಿ. ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲೂ ಬೇಡ. ಆಪ್‌ಡೇಟಾವನ್ನು (ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್‌ಗಳನ್ನು ಇಡುವ ಅಡಗಿಸಿದ ಫೋಲ್ಡರ್) ಪೂರ್ತಿ ಸುರಿದರೆ ಕೆಟ್ಟದ್ದೂ ಅದರ ಜೊತೆಗೇ ಬರುತ್ತದೆ.

ನಂದಿ ತಪ್ಪಲು:

ಆಪ್‌ಡೇಟಾ ಪೂರ್ತಿ ಬೇಡ ಅನ್ನೋದು ಸರಿ, ಆದ್ರೆ ಅದರಿಂದ ಹೆಕ್ಕಿ ತರಬೇಕಾದ್ದು ಕೆಲವು ಇವೆ.

ನಿಮಗೆ ಮೊದಲು ಬೇಕಾಗೋದು ನುಡಿ ಫಾಂಟ್. ವಿಂಡೋಸ್ 10ರ 1809ರಿಂದ ಈಚೆಗೆ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬರೀ ‘ಇನ್‌ಸ್ಟಾಲ್’ ಕೊಟ್ರೆ ಅದು ಆ ಒಬ್ಬ ಬಳಕೆದಾರನಿಗೆ ಮಾತ್ರ ಸೇರುತ್ತೆ. ಜಾಗ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಹೊಸ ಅಕೌಂಟ್‌ನಲ್ಲಿ ಪತ್ರ ತೆರೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ. ಫೈಲ್ ಕೆಟ್ಟಿದೆ ಅಂತ ಗಾಬರಿಯಾಗಿ ಅಳಿಸಬೇಡಿ, ಸೇವ್ ಕೂಡ ಮಾಡಬೇಡಿ. ಆ ಫಾಂಟ್‌ಗಳನ್ನ ತಂದು ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಟ್ಟು ಮತ್ತೆ ತೆರೀರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಈ ಕಷ್ಟ ಇಲ್ಲ.

ಕ್ರೋಮ್‌ನಲ್ಲಿ ಬುಕ್‌ಮಾರ್ಕ್ಸ್ ಫೈಲ್ ತಂದ್ರೆ ಕೆಲಸ ಮಾಡುತ್ತೆ, ಸೇವ್ ಮಾಡಿದ ಪಾಸ್‌ವರ್ಡ್ ಬರಲ್ಲ. ಅವನ್ನ ವಿಂಡೋಸ್ ಹಳೇ ಅಕೌಂಟ್‌ನ ಕೀಲಿಯಿಂದಲೇ ಮುಚ್ಚಿರುತ್ತೆ, ಹೊಸ ಅಕೌಂಟ್‌ಗೆ ಬಿಚ್ಚೋಕೆ ಆಗಲ್ಲ. ಗೂಗಲ್ ಸಿಂಕ್ ಆನ್ ಇದ್ರೆ ಸೈನ್ ಇನ್ ಆದ್ರೆ ಸಾಕು. ಫೈರ್‌ಫಾಕ್ಸ್ ಆದ್ರೆ ರೋಮಿಂಗ್, ಮೊಜಿಲ್ಲಾ ಒಳಗಿನ ಪ್ರೊಫೈಲ್ ಫೋಲ್ಡರ್ ತಂದ್ರೆ ಪಾಸ್‌ವರ್ಡೂ ಬರುತ್ತೆ. ಟ್ಯಾಲಿ ಇದ್ರೆ ಕಂಪನಿ ಆಯ್ಕೆ ಮಾಡೋ ಪರದೆಯಲ್ಲಿ ಡೇಟಾ ಪಾತ್ ಕಾಣುತ್ತೆ, ಅದನ್ನ ನೋಡಿಯೇ ಕಾಪಿ ಮಾಡಿ.

ಇನ್ನು ಯುಪಿಎಸ್. 600 ವಿಎ ಡಬ್ಬದಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತೆ, ಅದೊಂದನ್ನೇ ಬದಲಾಯಿಸಬಹುದು, ಹೊಸ ಯುಪಿಎಸ್ ಬೇಕಿಲ್ಲ. ಹಳೇ ಬ್ಯಾಟರಿ ಉಬ್ಬಿದ್ರೆ ಬಲವಂತವಾಗಿ ಎಳೀಬೇಡಿ. ಮನೆ ಇನ್ವರ್ಟರ್ ಮೇಲೇ ಓಡಿಸ್ತೀನಿ ಅನ್ನೋದಾದ್ರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಬದಲಾಗೋದು ನಿಧಾನ, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತೆ.

ತಿಪಟೂರು ತೆಂಗು:

ರೋಬೋಕಾಪಿ ಮುಗೀತು. ಫೇಲ್ಡ್‌ನಲ್ಲಿ ಎನ್‌ಟಿಯೂಸರ್ ಬಿಟ್ರೆ ಎರಡು ಫೋಟೋ ಮಾತ್ರ, ಅವು ಫೋನ್‌ನಲ್ಲೂ ಇವೆ. ನುಡಿ ಪತ್ರ ನಂದಿ ಅವರು ಹೇಳಿದ ಹಾಗೇ ಕಲಸುಮೇಲೋಗರವಾಗಿತ್ತು, ಫಾಂಟ್ ಹಾಕಿದ ಮೇಲೆ ಸರಿಯಾಗಿ ಓದೋಕೆ ಬಂತು. ಹಳೇ ಹೆಸರಿನ ಫೋಲ್ಡರನ್ನ ಈಗ ಡಿಲೀಟ್ ಮಾಡಬಹುದಾ?

ಶಿರಾ ಗೇಟ್:

ಈಗಲೇ ಬೇಡ ಸಾರ್. ಎಕ್ಸೆಲ್ ಶೀಟ್‌ಗಳನ್ನ ಒಂದೊಂದಾಗಿ ತೆರೆದು ನೋಡಿ, ಕಾಪಿ ಆಗಿದೆ ಅಂದ ಮಾತ್ರಕ್ಕೆ ತೆರೆಯುತ್ತೆ ಅಂತಲ್ಲ. ಆಮೇಲೂ ಎಕ್ಸ್‌ಪ್ಲೋರರ್‌ನಿಂದ ಫೋಲ್ಡರ್ ಅಳಿಸಬೇಡಿ. ಪ್ರೊಫೈಲ್ ಲಿಸ್ಟ್‌ನಲ್ಲಿ ನಮೂದು ಹಾಗೇ ಉಳಿದು, ಆ ಅಕೌಂಟ್‌ಗೆ ಮತ್ತೆ ಹೋದ್ರೆ 1511, ಮತ್ತೆ ಟೆಂಪರರಿ ಪ್ರೊಫೈಲ್. ರನ್‌ನಲ್ಲಿ ‘ಸಿಸ್‌ಡಿಎಂ ಡಾಟ್ ಸಿಪಿಎಲ್’, ಅಡ್ವಾನ್ಸ್‌ಡ್, ಯೂಸರ್ ಪ್ರೊಫೈಲ್ಸ್ ಎದುರಿನ ಸೆಟ್ಟಿಂಗ್ಸ್. ಅಲ್ಲಿ ಹಳೇದನ್ನ ಆರಿಸಿ ಡಿಲೀಟ್ ಕೊಟ್ರೆ ಫೋಲ್ಡರೂ ನಮೂದೂ ಒಟ್ಟಿಗೆ ಹೋಗುತ್ತವೆ.

ಅಸಲಿಗೆ ಆ ಡಿಸ್ಕ್ ಬದಲಾಯಿಸೋದೇ ನಿಶ್ಚಯ ಅಂದ್ರೆ ಡಿಲೀಟ್ ಮಾಡೋ ಕೆಲಸವೇ ಇಲ್ಲ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿ, ಕೆಟ್ಟ ಡಿಸ್ಕ್‌ನಿಂದ ಕ್ಲೋನ್ ಮಾಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ನಿಮ್ಮ ಪ್ರೊಸೆಸರ್ 11ಕ್ಕೆ ಆಗುತ್ತಾ ಅಂತ ‘ಪಿಸಿ ಹೆಲ್ತ್ ಚೆಕ್’ನಲ್ಲಿ ನೋಡಿ. ಪ್ರೊಸೆಸರ್ ಹೆಸರು ಇಲ್ಲಿ ಹಾಕಿದ್ರೆ ಎಷ್ಟು ಜಿಬಿಯ, ಯಾವ ಬಗೆಯ ಎಸ್‌ಎಸ್‌ಡಿ ಕೂರುತ್ತೆ ಅಂತ ಹೇಳ್ತೀವಿ.