ಲ್ಯಾಬಿನಿಂದ ಬಂದ ಬೀಗಲ್: ಅಂಗಳಕ್ಕೆ ಇಳಿಯುದಿಲ್ಲ, ಎಲ್ಲ ಮನೆಯೊಳಗೇ. ಎಂತ ಮಾಡುದು?

ನೀರ್ಚಾಲಿನಕ್ಕ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಈಚೆ ನೀರ್ಚಾಲಿನಲ್ಲಿ ನಮ್ಮ ಮನೆ. ಮೂರು ವಾರದ ಹಿಂದೆ ಬೆಂಗಳೂರಿನಿಂದ ಒಂದು ಬೀಗಲ್ ತಂದೆವು. ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದು ಬಿಡುಗಡೆಯಾದ ನಾಯಿ. ಗಂಡು, ಆರು ವರ್ಷ ಪ್ರಾಯ, ಹತ್ತೂವರೆ ಕೆಜಿ. ಕಿವಿಯ ಒಳಮೈಯಲ್ಲಿ ಹಚ್ಚೆ ಹಾಕಿದ ನಂಬ್ರ ಉಂಟು. ನಾವು ಗುಂಡ ಅಂತ ಕರೆಯುತ್ತೇವೆ. ಅದು ತನ್ನ ಹೆಸರು ಅಂತ ಅವನಿಗಿನ್ನೂ ಗೊತ್ತಾದ ಹಾಗೆ ಕಾಣುದಿಲ್ಲ.

ಎರಡೂವರೆ ಎಕ್ರೆ ತೋಟ ಉಂಟು, ನಾಯಿಗೆ ಸ್ವರ್ಗ ಅಂತ ನಾವು ಗ್ರಹಿಸಿದ್ದು. ಆ ಸ್ವರ್ಗಕ್ಕೆ ಅವನು ಇವತ್ತಿನವರೆಗೆ ಕಾಲಿಟ್ಟಿಲ್ಲ. ಹೊಸ್ತಿಲಿನ ಹತ್ತಿರ ಬಂದು ನಿಂತುಬಿಡುತ್ತಾನೆ. ಎತ್ತಿಕೊಂಡು ಹೋದರೆ ಕೈಯಲ್ಲಿ ಕಟ್ಟಿಗೆಯ ಕೊರಡಿನ ಹಾಗೆ ಸೆಟೆದುಕೊಳ್ಳುತ್ತಾನೆ. ಹುಲ್ಲಿನ ಮೇಲೆ ಇಳಿಸಿದರೆ ಕೆಸರಲ್ಲಿ ಕೋಳಿ ನಡೆದ ಹಾಗೆ ಒಂದೊಂದೇ ಕಾಲು ಎತ್ತಿ ಹಿಡಿದು ನನ್ನ ಮುಖ ನೋಡುತ್ತಾನೆ. ಅರ್ಧ ಗಂಟೆ ಹೊರಗೆ ನಿಂತರೂ ಒಂದು ತೊಟ್ಟು ಮೂತ್ರ ಇಲ್ಲ. ಒಳಗೆ ಬಂದ ಎರಡನೇ ನಿಮಿಷಕ್ಕೆ ಚಾವಡಿಯ ಮೂಲೆಯಲ್ಲಿ ಎಲ್ಲ ಮುಗಿಸುತ್ತಾನೆ. ಒಮ್ಮೆ ದೇವರ ಕೋಣೆಯ ಬಾಗಿಲಲ್ಲೇ.

ಅತ್ತೆಗೆ ಎಪ್ಪತ್ತೆಂಟು. ನಾಯಿ ಬೇಡ ಅಂತ ಅವರು ಒಂದು ಮಾತೂ ಹೇಳಿಲ್ಲ. ಆದರೆ ಫಿನಾಯಿಲಿನ ಬಾಲ್ದಿ ಅವರ ಕೈಯಿಂದ ಇಳಿಯುದೇ ಇಲ್ಲ, ಅವನು ಮಾಡಿದ ಕೂಡಲೇ ಒರೆಸುದು, ಮಾಡದಿದ್ದರೂ ಒರೆಸುದು. ಇನ್ನೊಂದು ಸಂಗತಿ, ನಮ್ಮವರು ಬಿಳಿ ಮುಂಡು ಉಟ್ಟು ಬಂದರೆ ಸಾಕು, ಮಂಚದ ಅಡಿಗೆ ನುಗ್ಗಿ ನಡುಗುತ್ತಾನೆ. ಬೊಗಳಿದ್ದನ್ನು ನಾವು ಈವರೆಗೆ ಕೇಳಿಲ್ಲ. ಯಾರಾದರೂ ದಾರಿ ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್:
ಒಳಗೆ ಮಾಡಿದಾಗ ಮೂಗು ಅದಕ್ಕೇ ತಿಕ್ಕಿ ಒಂದು ಪೆಟ್ಟು ಕೊಡಿ. ನಮ್ಮಜ್ಜನ ಕಾಲದಿಂದ ಹಾಗೇ. ನಾಲ್ಕು ದಿನದಲ್ಲಿ ಸರಿಯಾಗ್ತದೆ.

ಮುಳ್ಳೇರಿಯ ಭಾವ:
ಅಕ್ಕ, ಮೇಲಿನ ಸಲಹೆ ದಯವಿಟ್ಟು ಮಾಡಬೇಡಿ. ಪೆಟ್ಟು ಕೊಟ್ಟರೆ ಅವನು ಕಲಿಯುದು ಒಂದೇ, ನಿಮ್ಮ ಎದುರು ಮಾಡಬಾರದು ಅಂತ. ಮತ್ತೆ ಹೊರಗೆ ಹಗ್ಗ ಹಿಡಿದು ನೀವು ನಿಂತರೆ ಆಮೇಲೆ ಹೇಗೂ ಮಾಡುದಿಲ್ಲ.

ನಾನು ಇಂಥದ್ದೇ ಒಂದು ಬೀಗಲ್ ಸಾಕಿ ನಾಲ್ಕು ವರ್ಷ ಆಯಿತು. ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಆ ಫಿನಾಯಿಲ್ ಬಾಲ್ದಿ. ಗುಂಡನ ಜಾಗದಲ್ಲಿ ನಿಂತು ನೋಡಿ. ಆರು ವರ್ಷ ಗಟ್ಟಿ ನೆಲದ ಗೂಡು, ದಿನಾ ಕ್ರಿಮಿನಾಶಕ ಹಾಕಿ ತೊಳೆಯುತ್ತಾರೆ. ಗಟ್ಟಿ ನೆಲ, ಮೇಲೆ ಆ ವಾಸನೆ ಅಂದರೆ ಅವನ ಲೆಕ್ಕದಲ್ಲಿ ಅದೇ ಕಕ್ಕಸು. ಹುಲ್ಲು, ಮಣ್ಣು ಅಂದರೆ ಎಂತದು ಅಂತಲೇ ಅವನಿಗೆ ಗೊತ್ತಿಲ್ಲ. ನಿಮ್ಮ ಕಾವಿ ನೆಲವನ್ನು ಅತ್ತೆ ಒರೆಸಿದಷ್ಟೂ "ಇಲ್ಲೇ ಮಾಡು" ಅಂತ ಬೋರ್ಡು ಹಾಕಿದ ಹಾಗೆ. ಅವನು ಹಟ ಮಾಡುದಲ್ಲ ಅಕ್ಕ, ಕಲಿತದ್ದನ್ನು ನಿಯತ್ತಿನಲ್ಲಿ ಮಾಡುದು.

ಹಾಗಾಗಿ ಫಿನಾಯಿಲ್ ಇವತ್ತೇ ನಿಲ್ಲಿಸಿ. ಅದು ಮೂತ್ರದ ವಾಸನೆಯನ್ನು ಮುಚ್ಚುತ್ತದೆ ನಮ್ಮ ಮೂಗಿಗೆ ಮಾತ್ರ, ನಾಯಿಯ ಮೂಗಿಗಲ್ಲ. ಅಲ್ಲದೆ ಕಾಲು ನೆಕ್ಕುವ ನಾಯಿಯ ಹೊಟ್ಟೆಗೆ ಅದು ಹೋಗುದು ಒಳ್ಳೆಯದೂ ಅಲ್ಲ. ಬರೀ ನೀರಲ್ಲಿ ತೊಳೆದು, ಒಣಗಿದ ಮೇಲೆ ಅಡುಗೆ ಸೋಡ ಉದುರಿಸಿ ಒರೆಸಿ. ಸಾಕುಪ್ರಾಣಿ ಅಂಗಡಿಯಲ್ಲಿ ಎನ್‌ಜೈಮ್ ಇರುವ ದ್ರವ ಸಿಕ್ಕಿದರೆ ಇನ್ನೂ ಒಳ್ಳೆಯದು.

ಎರಡನೆಯದು, ಅವನನ್ನು ಹುಲ್ಲಿಗೆ ಕರೆದುಕೊಂಡು ಹೋಗಬೇಡಿ, ಗಟ್ಟಿ ನೆಲವನ್ನೇ ಹೊರಗೆ ಕೊಡಿ. ಅಂಗಳ ಸಿಮೆಂಟಿನದ್ದಾ?

ನೀರ್ಚಾಲಿನಕ್ಕ:
ಹೌದು ಭಾವ, ಸಿಮೆಂಟೇ. ಆದರೆ ಈಗ ಅಡಿಕೆ ಹರಡಿದ್ದೇವೆ, ಕಾಲಿಡುವ ಜಾಗ ಇಲ್ಲ.

ಮುಳ್ಳೇರಿಯ ಭಾವ:
ಜಗಲಿಗೆ ತಾಗಿದ ಕಡೆ ಒಂದು ಮಂಚದಷ್ಟು ಜಾಗ ಬಿಡಿಸಿ. ಅವನ ಮೂತ್ರ ಒರೆಸಿದ ಒಂದು ಹಳೇ ಬಟ್ಟೆ, ತೊಳೆಯದ್ದು, ಅಲ್ಲಿ ಇಡಿ. ಬೆಳಿಗ್ಗೆ ಎದ್ದ ಕೂಡಲೇ, ಊಟ ಆಗಿ ಕಾಲು ಗಂಟೆಗೆ, ರಾತ್ರಿ ಮಲಗುವ ಮೊದಲು, ಅದೇ ಬಾಗಿಲಿನಿಂದ ಅದೇ ಜಾಗಕ್ಕೆ. ಎತ್ತಬೇಡಿ, ಎತ್ತಿದ್ದೆಲ್ಲ ಸೂಜಿಗೇ ಅಂತ ಅವನ ಅನುಭವ. ಹೊಸ್ತಿಲಿನಿಂದ ಒಂದೊಂದು ಗೇಣಿಗೆ ಒಂದೊಂದು ತುಂಡು ಬೇಯಿಸಿದ ಕೋಳಿ ಇಡುತ್ತಾ ಬನ್ನಿ. (ನಿಮ್ಮ ಮನೆಯಲ್ಲಿ ಕೋಳಿ ಆಗುದಿಲ್ಲವಾದರೆ ಪನೀರ್ ಆಗ್ತದೆ. ನಮ್ಮಲ್ಲಿ ಪನೀರೇ.) ಅಲ್ಲಿ ಹೋಗಿ ಸುಮ್ಮನೆ ನಿಲ್ಲಿ, ಬೇರೆ ಕಡೆ ನೋಡಿ. ಮಾಡಿದ ಆ ಕ್ಷಣವೇ ಬಾಯಿಗೆ ತಿಂಡಿ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗೆ.

ಅದು ನಾಲ್ಕೈದು ದಿನ ಸರಿಯಾದ ಮೇಲೆ ಅಲ್ಲಿ ಒಂದು ಗೋಣಿ ಹಾಸಿ, ಆಮೇಲೆ ಗೋಣಿಯ ಮೇಲೆ ಒಂದು ಹಿಡಿ ಮಣ್ಣು, ಮತ್ತೆ ಎರಡು ಹಿಡಿ. ಹಾಗೇ ಗೋಣಿಯನ್ನು ತೋಟದ ಕಡೆಗೆ ಜಾರಿಸುತ್ತಾ ಹೋಗುದು. ನಮ್ಮಲ್ಲಿ ಒಂದೂವರೆ ತಿಂಗಳು ಹಿಡಿದಿತ್ತು. ಹತ್ತಿರದ ಮನೆಯಲ್ಲಿ ಪಾಪದ ಊರುನಾಯಿ ಇದ್ದರೆ ಕರೆಸಿ. ಇಂಥ ನಾಯಿಗಳು ನಮ್ಮಿಂದ ಕಲಿಯುದಕ್ಕಿಂತ ಬೇಗ ಇನ್ನೊಂದು ನಾಯಿಯಿಂದ ಕಲಿಯುತ್ತವೆ.

ಕುಂಬಳೆ ಕಡಲು:
ನಡುವೆ ಒಂದು ಸಂಶಯ. ಪ್ರಾಣಿಗಳ ಮೇಲೆ ಪರೀಕ್ಷೆ ನಿಷೇಧ ಆಗಿದೆ ಅಂತ ಓದಿದ ನೆನಪು. ಮತ್ತೆ ಈ ನಾಯಿಗಳು ಎಲ್ಲಿಂದ?

ಪಡ್ರೆಯವ:
2014ರಲ್ಲಿ ನಿಷೇಧ ಆದದ್ದು ಸೌಂದರ್ಯವರ್ಧಕಗಳಿಗೆ. ಔಷಧಿ, ಕೀಟನಾಶಕಗಳಿಗೆ ಪರೀಕ್ಷೆ ಉಂಟು. ಇಲಿಯ ನಂತರ ಇಲಿಜಾತಿಯದ್ದಲ್ಲದ ಇನ್ನೊಂದು ಪ್ರಾಣಿ ಬೇಕು ಅಂತ ಕೇಳುತ್ತಾರೆ, ಅಲ್ಲಿ ಬೀಗಲ್. ಮೈಗಾತ್ರ ಸಣ್ಣದು, ಸ್ವಭಾವ ಸಾಧು, ಏನು ಮಾಡಿದರೂ ಕಚ್ಚುದಿಲ್ಲ, ಅದೇ ಅದರ ಕರ್ಮ. ಕೆಲಸ ಮುಗಿದ ನಾಯಿಯನ್ನು ಮನೆಗಳಿಗೆ ಸಾಕಲು ಕೊಡುವ ಕ್ರಮ ನಮ್ಮಲ್ಲಿ ಶುರುವಾದದ್ದು ಇತ್ತೀಚೆಗೆ. 2016ರಲ್ಲಿ ಬೆಂಗಳೂರಿನ ಕ್ಯುಪಾ ಎಂಬ ಪ್ರಾಣಿದಯಾ ಸಂಸ್ಥೆಯವರಿಗೆ 156 ಬೀಗಲ್ ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು.

ಕೀಟನಾಶಕಕ್ಕೆ ಅನುಮತಿ ಕೇಳುವಾಗ ನಾಯಿಯ ಆಹಾರದಲ್ಲಿ ಬೆರೆಸಿ 90 ದಿನ ಕೊಟ್ಟು ನೋಡುವ ಪರೀಕ್ಷೆ ಒಂದುಂಟು. ನಮ್ಮ ಊರಿನ ಗೇರುತೋಟದ ಮೇಲೆ 2000ನೇ ಇಸವಿವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟರಲ್ಲ, ಆಗ ನಮ್ಮಜ್ಜಿ ಬಾವಿಗೆ ಮಡಲು ಮುಚ್ಚುತ್ತಿದ್ದರು. ಎಷ್ಟು ದಿನ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಹಾಗಾಗಿ ಅಕ್ಕ, ನಿಮ್ಮ ಗುಂಡನ ಮೇಲೆ ನನಗೆ ಸಂಬಂಧಿಕರ ಮೇಲಿನ ಹಾಗೆ ಒಂದು ಪ್ರೀತಿ.

ಉಪ್ಪಳ ಎಕ್ಸ್‌ಪ್ರೆಸ್:
ಪೆಟ್ಟಿನ ಮಾತು ವಾಪಸು ತೆಗೆದುಕೊಂಡೆ. ಲ್ಯಾಬ್ ನಾಯಿ ಅಂತ ಸರಿ ಓದಿರಲಿಲ್ಲ.

ಹಳೇ ಪಶುವೈದ್ಯ:
ನಿವೃತ್ತನಾದರೂ ಬಾಯಿ ಸುಮ್ಮನಿರುದಿಲ್ಲ. ಅಡಿಕೆಯ ಅಂಗಳ ಅಂದಾಗ ಕೇಳಬೇಕು ಅನಿಸಿತು, ಕೊಕ್ಕೋ ಕೂಡ ಒಣಗಿಸುತ್ತೀರಾ? ಒಣಗಿಸುವುದಾದರೆ ಗುಂಡನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಬೀಗಲ್ ಜಾತಿಗೆ ಹೊಟ್ಟೆ ತುಂಬುವುದು ಅಂತ ಇಲ್ಲ. ಕೊಕ್ಕೋ ಬೀಜದಲ್ಲಿ ಥಿಯೋಬ್ರೋಮಿನ್ ಅಂತ ನಾಯಿಗೆ ವಿಷವಾಗುವ ಒಂದು ಅಂಶ ಉಂಟು, ನಾಯಿಯ ದೇಹ ಅದನ್ನು ಬೇಗ ಹೊರಹಾಕುದಿಲ್ಲ. ಕೆಜಿ ತೂಕಕ್ಕೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ. 60ರ ಹತ್ತಿರ ಹೋದರೆ ಸೆಳವು. ಹತ್ತು ಕೆಜಿಯ ನಾಯಿಗೆ ಒಂದು ಹಿಡಿ ಒಣಬೀಜ ಸಾಕು ಆಸ್ಪತ್ರೆಗೆ ಓಡಲು. ಚಾಕೊಲೇಟ್ ಕೊಡಬಾರದು ಅಂತ ಎಲ್ಲರಿಗೂ ಗೊತ್ತು, ತೋಟದಲ್ಲಿ ಬಿದ್ದ ಕೊಕ್ಕೋ ಯಾರಿಗೂ ನೆನಪಾಗುದಿಲ್ಲ.

ಉಣ್ಣಿಯ ಔಷಧಿ, ಇಲಿಜ್ವರದ ಚುಚ್ಚುಮದ್ದು, ಜೋಲುಕಿವಿಯ ಒಳಗೆ ವಾರಕ್ಕೊಮ್ಮೆ ನೋಡುದು. ರೇಬಿಸ್ ಚುಚ್ಚಿಸಿದ ಸರ್ಟಿಫಿಕೇಟ್ ಇಟ್ಟುಕೊಳ್ಳಿ, ಪಂಚಾಯತಿನ ಲೈಸೆನ್ಸಿಗೆ ಬೇಕು. ಬೊಗಳದಿದ್ದರೆ ಹೆದರಬೇಡಿ, ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಊರೆಲ್ಲ ಕೇಳುವ ಹಾಗೆ ಕೂಗುತ್ತವೆ, ಆಗ ನೀವೇ ಬಂದು ನಿಲ್ಲಿಸುದು ಹೇಗೆ ಅಂತ ಕೇಳುತ್ತೀರಿ.

ಮುಳ್ಳೇರಿಯ ಭಾವ:
ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೊರಳಪಟ್ಟಿ ಒಂದನ್ನೇ ನಂಬಬೇಡಿ, ಎದೆಪಟ್ಟಿಯೂ ಇರಲಿ, ಎರಡಕ್ಕೂ ಬೇರೆ ಬೇರೆ ಹಗ್ಗ. ಈಗ ಜಾತ್ರೆ, ಕೋಲದ ಸಮಯ. ಒಂದು ಗರ್ನಾಲು ಹೊಟ್ಟಿದರೆ ಹಿಮ್ಮುಖ ಜಗ್ಗಿ ಪಟ್ಟಿ ಕಳಚಿ ಓಡುತ್ತವೆ. ಹೆಸರು ಕರೆದರೆ ತಿರುಗಿ ನೋಡದ ನಾಯಿಯನ್ನು ಗುಡ್ಡೆಯಲ್ಲಿ ಹುಡುಕಿದವನಿಗೇ ಗೊತ್ತು ಕಷ್ಟ.

ನೀರ್ಚಾಲಿನಕ್ಕ:
ಹತ್ತೊಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಫಿನಾಯಿಲ್ ಬಾಲ್ದಿಯನ್ನು ಅತ್ತೆಯ ಕೈಯಿಂದ ತೆಗೆಸುದೇ ದೊಡ್ಡ ಕೆಲಸ ಆಯಿತು. ಭಾವ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. "ನಾನು ಬೋರ್ಡು ಹಾಕಿದ್ದಾ?" ಅಂತ ಕೇಳಿದವರು ಮರುದಿನದಿಂದ ಬರೀ ನೀರಲ್ಲಿ ಒರೆಸಿದರು. ಐದನೇ ದಿನದಿಂದ ಚಾವಡಿಯಲ್ಲಿ ಕಮ್ಮಿ ಆಯಿತು. ಆದರೆ ಹೊರಗೆ ಮಾಡುದಿಲ್ಲ, ರಾತ್ರಿಯವರೆಗೆ ತಡೆದುಕೊಳ್ಳುದು. ಅದು ನೋಡಲು ಇನ್ನೂ ಸಂಕಟ.

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ನಾಯಿ ಕರಿಯ ಬಂದಿದ್ದ. ಅವನು ಅಂಗಳದ ಕಟ್ಟೆಗೆ ಕಾಲೆತ್ತಿ ಹೋದ. ಗುಂಡ ಹಿಂದಿನಿಂದ ಹೋಗಿ ಅದನ್ನು ಮೂಸಿದ, ಬಹಳ ಹೊತ್ತು ಮೂಸಿದ, ಬಿಡಿಸಿಟ್ಟ ಜಾಗ ದಾಟಿ ಸೀದಾ ಅಡಿಕೆಯ ಮೇಲೆ ನಿಂತು ಮಾಡಿದ! ನನ್ನ ಕೈಯಲ್ಲಿದ್ದ ಪನೀರ್ ಕೊಡಲಿಕ್ಕೇ ಮರೆತುಹೋಯಿತು. ಜಗಲಿಯಿಂದ ಅತ್ತೆ ಕೂಗಿದರು, "ಏ, ಹೊರಗೆ ಹೋದ, ಹೊರಗೆ ಹೋದ, ಅವನಿಗೆ ಕೊಡು!"

ಆಮೇಲೆ ಅವರೇ ಇಳಿದು ಬಂದು ಒದ್ದೆಯಾದ ಅಡಿಕೆ ಹೆಕ್ಕಿ, ನಳ್ಳಿಯಡಿಯಲ್ಲಿ ತೊಳೆದು, ಬೇರೆ ತಟ್ಟೆಯಲ್ಲಿ ಬಿಸಿಲಿಗಿಟ್ಟರು. ಕೊಕ್ಕೋ ಟೆರೇಸಿಗೆ ಹೋಗಿದೆ ಡಾಕ್ಟ್ರೇ. ಬಿಳಿ ಮುಂಡಿನದ್ದು ಮಾತ್ರ ಇನ್ನೂ ಹಾಗೇ ಉಂಟು, ನಮ್ಮವರು ಈಗ ಮನೆಯೊಳಗೆ ನೀಲಿ ಚೌಕುಳಿ ಲುಂಗಿ ಉಟ್ಟು ತಿರುಗುತ್ತಿದ್ದಾರೆ. ಬರುವ ವಾರ ಮದುವೆಯೊಂದುಂಟು, ಲುಂಗಿಯಲ್ಲಿ ಹೋಗಲಿಕ್ಕಾಗುದಿಲ್ಲ. ಅದಕ್ಕೆಂತ ಮಾಡುದು?

ಮುಳ್ಳೇರಿಯ ಭಾವ:
ಮುಂಡನ್ನು ಇವತ್ತಿನಿಂದಲೇ ಗುಂಡನ ಊಟದ ತಟ್ಟೆಯಿಂದ ಎರಡು ಮಾರು ದೂರ ಮಡಚಿ ಇಡಿ, ದಿನಕ್ಕೆ ಒಂದು ಗೇಣು ಹತ್ತಿರ ತನ್ನಿ. ಆದರೆ ವಾರದಲ್ಲಿ ಅದು ಆಗುವ ಕೆಲಸ ಅಲ್ಲ. ಮದುವೆಯ ದಿನ ನಿಮ್ಮವರು ಮುಂಡು ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲೇ ಉಡಲಿ.